ದಿನ ಕೇಳಿದ ಅಜ್ಜಿಗೆ ಸಿಕ್ಕ ಉತ್ತರ: ಮಹಾಜ್ವಾಲಾಮುಖಿಯ ಮುನ್ಸೂಚನೆಯ ಬಗ್ಗೆ ಕೊಡಗು ಜಿಲ್ಲಾಡಳಿತಕ್ಕೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು,
ಕೊಡಗು ಜಿಲ್ಲೆ, ಮಡಿಕೇರಿ.

ಮಾನ್ಯರೇ,

ಮುಂಗಾರಿಗೆ ಮೊದಲು ನಮ್ಮ ಭಾಗದಲ್ಲಿ ನಡೆದ ಒಂದು ವಿಪತ್ತು ಮುನ್ನೆಚ್ಚರಿಕೆ ಸಭೆಯಲ್ಲಿ ಬರೆ (ಕಡಿದಾದ ಮಣ್ಣಿನ ಇಳಿಜಾರು) ಕುಸಿತ, ರಸ್ತೆಗೆ ಬಾಗಿದ ಮರಗಳು, ವಿದ್ಯುತ್ ಕಂಬ, ದೋಣಿ, ಕಾಳಜಿ ಕೇಂದ್ರ ಎಲ್ಲದರ ಮಾತು ಮುಗಿದ ಮೇಲೆ, ಹಿಂದಿನ ಸಾಲಿನಲ್ಲಿ ಕುಳಿತಿದ್ದ ಎಂಬತ್ತರ ಆಸುಪಾಸಿನ ಅಜ್ಜಿಯೊಬ್ಬರು ಎದ್ದು ನಿಂತರು. ಮೊಮ್ಮಗನ ಫೋನಿಗೆ ಬಂದ ವಿಡಿಯೊವೊಂದರಲ್ಲಿ, ಅಮೆರಿಕದ ಯಾವುದೋ ದೊಡ್ಡ ಬೆಂಕಿಬೆಟ್ಟ ಸಿಡಿಯುವ ಕಾಲ ಮೀರಿಹೋಗಿದೆಯೆಂದೂ, ಅದರ ಕಾವು ನಮ್ಮ ನೆಲದಡಿಗೂ ತಲುಪಿರುವುದರಿಂದಲೇ ಇಲ್ಲಿಯ ಗುಡ್ಡಗಳು ನಡುಗುತ್ತಿವೆಯೆಂದೂ ಹೇಳಿದ್ದಾರೆ, ಅದು ಸಿಡಿಯುವುದು ಯಾವಾಗ ಎಂದು ಅವರು ಕೇಳಿದರು. ಕೆಲವರು ನಕ್ಕರು. ವೇದಿಕೆಯ ಮೇಲಿದ್ದ ಅಧಿಕಾರಿ ನಗಲಿಲ್ಲ, ಅದಕ್ಕಾಗಿ ಅವರನ್ನು ಮೆಚ್ಚುತ್ತೇನೆ. "ಅಮ್ಮಾ, ನಮ್ಮಲ್ಲಿ ಜ್ವಾಲಾಮುಖಿ ಇಲ್ಲ. ಬೇರೆ ಎಲ್ಲಿಯದೇ ಆದರೂ ವಿಜ್ಞಾನಿಗಳು ಮೊದಲೇ ದಿನ ಹೇಳುತ್ತಾರೆ. ನೀವು ನೆಮ್ಮದಿಯಾಗಿರಿ" ಎಂದು ಅವರು ಉತ್ತರಿಸಿದರು. ಅಂದು ನಮಗೆ ಹಂಚಿದ ಕರಪತ್ರದಲ್ಲಿಯೂ ಹೆಚ್ಚುಕಡಿಮೆ ಇದೇ ಅರ್ಥದ ಒಂದು ಸಾಲಿತ್ತು. ಅದನ್ನು ಯಾರು ಅಚ್ಚು ಹಾಕಿಸಿದರು ಎಂಬುದು ಈ ಪತ್ರದ ವಿಷಯವಲ್ಲ.

ಆ ಉತ್ತರದ ಮೊದಲ ಅರ್ಧ ಸರಿ. ಎರಡನೆಯ ಅರ್ಧ ತಪ್ಪು. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿದ ನಾನೂ ಇದೇ ತಪ್ಪನ್ನು ಹಲವು ಬಾರಿ ತರಗತಿಯಲ್ಲಿ ಮಾಡಿದ್ದೇನೆ, ಆದ್ದರಿಂದ ಇದನ್ನು ದೂರಿನಂತೆ ಓದಬಾರದೆಂದು ವಿನಂತಿ. ಮಹಾಜ್ವಾಲಾಮುಖಿಯೊಂದು ಯಾವಾಗ ಸ್ಫೋಟಿಸುತ್ತದೆ ಎಂದು ದಿನ ಹಿಡಿದು ಹೇಳಲು ಇಂದು ಜಗತ್ತಿನ ಯಾವ ಸಂಸ್ಥೆಗೂ ಬರುವುದಿಲ್ಲ; ಹೇಳುತ್ತೇವೆಂದು ಆ ಸಂಸ್ಥೆಗಳು ಮಾತು ಕೊಟ್ಟೂ ಇಲ್ಲ. ಅವರು ಕೊಡದ ಮಾತನ್ನು ಅವರ ಪರವಾಗಿ ನಾವು ಕೊಟ್ಟರೆ ಆಗುವ ನಷ್ಟವೇನು ಎಂಬುದನ್ನು ತಮ್ಮ ಗಮನಕ್ಕೂ, ಈ ಜಿಲ್ಲೆಯ ಓದುಗರ ಗಮನಕ್ಕೂ ತರಲು ಇದನ್ನು ಬರೆಯುತ್ತಿದ್ದೇನೆ.

ಮೊದಲ ಅರ್ಧವನ್ನು ಬೇಗ ಮುಗಿಸುತ್ತೇನೆ. ಕೊಡಗಿನ ನೆಲದಡಿಯ ಕಲ್ಲು ಭೂಮಿಯ ಅತಿ ಹಳೆಯ ಕಲ್ಲುಗಳ ಪೈಕಿಯದು. ಭೂವಿಜ್ಞಾನಿಗಳು ಕೂರ್ಗ್ ಬ್ಲಾಕ್ ಎಂದು ಕರೆಯುವ ಈ ತುಂಡಿನ ವಯಸ್ಸು 300 ಕೋಟಿ ವರ್ಷಗಳ ಲೆಕ್ಕದ್ದು. ಬೆಳಗಾವಿ, ವಿಜಯಪುರ, ಬೀದರಗಳ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಎಂಬುದು ನಿಜ, ಆದರೆ ಅದು ತಣ್ಣಗಾಗಿ ಯುಗಗಳೇ ಕಳೆದಿವೆ. ಇಂದು ಭಾರತದಲ್ಲಿ ಜೀವಂತ ಜ್ವಾಲಾಮುಖಿ ಎಂದರೆ ಅಂಡಮಾನ್ ಸಮುದ್ರದ ಬ್ಯಾರನ್ ದ್ವೀಪ ಮಾತ್ರ. 2018ರ ಜುಲೈ 9ರಂದು ಮಡಿಕೇರಿ ಭಾಗದಲ್ಲಿ ನೆಲ ನಡುಗಿದ್ದನ್ನೂ, ಮರುತಿಂಗಳು ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆಯ ಕಡೆ ಗುಡ್ಡಗಳು ಜಾರಿದ್ದನ್ನೂ, 2022ರ ಜೂನ್ ಕೊನೆಯಲ್ಲಿ ಚೆಂಬು, ಸಂಪಾಜೆಯ ಮನೆಗಳಲ್ಲಿ ಅಟ್ಟದ ಪಾತ್ರೆಗಳು ಸದ್ದು ಮಾಡಿದ್ದನ್ನೂ ಯಾವ ಜ್ವಾಲಾಮುಖಿಯ ತಲೆಗೂ ಕಟ್ಟಬೇಕಾಗಿಲ್ಲ. ಅಷ್ಟೆಲ್ಲ ಕಂಡ ಮೇಲೆ ಜನ ನೆಲದ ಸದ್ದಿಗೆ ಕಿವಿಗೊಟ್ಟು ಮಲಗುತ್ತಾರೆ. ಅಜ್ಜಿಯ ಪ್ರಶ್ನೆ ಹುಟ್ಟಿದ್ದು ಆ ನಿದ್ದೆಗೇಡಿನಲ್ಲಿ.

ಈಗ ಎರಡನೆಯ ಅರ್ಧ. ಸೂಪರ್‌ವಾಲ್ಕೆನೊ ಅಥವಾ ಮಹಾಜ್ವಾಲಾಮುಖಿ ಎಂದರೆ, ಒಮ್ಮೆಯಾದರೂ ಒಂದೇ ಸ್ಫೋಟದಲ್ಲಿ 1,000 ಘನ ಕಿಲೋಮೀಟರಿಗಿಂತ ಹೆಚ್ಚು ಬೂದಿ ಮತ್ತು ಕಲ್ಲನ್ನು ಹೊರಗೆಸೆದ ತಾಣ. ಹೊಗೆಯಾಡುವ ಶಿಖರವನ್ನು ಕಲ್ಪಿಸಿಕೊಂಡವರಿಗೆ ಅಲ್ಲಿ ಬೆಟ್ಟವೇ ಕಾಣುವುದಿಲ್ಲ; ಒಳಗಿನದು ಖಾಲಿಯಾದಾಗ ಮೇಲಿನ ನೆಲ ಕುಸಿದು ಉಂಟಾದ ವಿಶಾಲ ತಗ್ಗು ಕಾಣುತ್ತದೆ. ಇದನ್ನು ಕ್ಯಾಲ್ಡೆರಾ ಎನ್ನುತ್ತಾರೆ. ಅಮೆರಿಕದ ಯೆಲ್ಲೊಸ್ಟೋನ್‌ನ ಕ್ಯಾಲ್ಡೆರಾ ಸುಮಾರು 70 ಕಿ.ಮೀ. ಉದ್ದ, 45 ಕಿ.ಮೀ. ಅಗಲ, ಅಂದರೆ ನಮ್ಮ ಜಿಲ್ಲೆಯ ಅರ್ಧಕ್ಕಿಂತ ದೊಡ್ಡದು. ಸಾವಿರ ಘನ ಕಿಲೋಮೀಟರ್ ಎಂಬ ಸಂಖ್ಯೆ ಬಾಯಲ್ಲಿ ಸುಲಭವಾಗಿ ಉರುಳುವುದರಿಂದ ನಾನೇ ಒಂದು ಲೆಕ್ಕ ಮಾಡಿ ನೋಡಿದೆ: 49.45 ಟಿ.ಎಂ.ಸಿ.ಯ ಕೃಷ್ಣರಾಜಸಾಗರವನ್ನು ಏಳುನೂರು ಬಾರಿ ತುಂಬಬಹುದಾದ ರಾಶಿ ಅದು. ಕೊಡಗಿನ 4,102 ಚದರ ಕಿಲೋಮೀಟರಿನ ಮೇಲೆ ಸಮನಾಗಿ ಹರಡಿದರೆ 240 ಮೀಟರ್ ದಪ್ಪ ನಿಲ್ಲುತ್ತದೆ.

ಇಂಥದ್ದರ ದಿನ ಏಕೆ ಹೇಳಲಾಗದು ಎಂಬುದು ನಮ್ಮ ಜಿಲ್ಲೆಯವರಿಗೆ ಅರ್ಥವಾಗುವುದು ಸ್ವಲ್ಪ ಕಷ್ಟ. ಅದಕ್ಕೊಂದು ಕಾರಣವಿದೆ. ಪ್ರತಿ ಅಕ್ಟೋಬರಿನಲ್ಲಿ ತಲಕಾವೇರಿಯ ತೀರ್ಥೋದ್ಭವದ ಮುಹೂರ್ತವನ್ನು ಗಂಟೆ, ನಿಮಿಷ ಸಮೇತ ವಾರಗಳ ಮೊದಲೇ ಪ್ರಕಟಿಸುತ್ತಾರೆ, ಆ ಗಳಿಗೆಗೆ ಸರಿಯಾಗಿ ಸಾವಿರಾರು ಕಣ್ಣುಗಳು ಕುಂಡಿಕೆಯ ಮೇಲೆ ನೆಟ್ಟಿರುತ್ತವೆ. ಸೂರ್ಯ ತುಲಾ ರಾಶಿಗೆ ಬರುವ ಕ್ಷಣವನ್ನು ನಿಮಿಷಕ್ಕೆ ಹಿಡಿಯಬಹುದು. ಆಕಾಶದ ನಡೆ ಕಣ್ಣಿಗೆ ಕಾಣುತ್ತದೆ, ಒಂದೇ ನಿಯಮಕ್ಕೆ ಕಟ್ಟುಬಿದ್ದಿದೆ, ಅದನ್ನು ನೋಡಿ ಬರೆದಿಟ್ಟವರ ಪರಂಪರೆ ಸಾವಿರಾರು ವರ್ಷಗಳದ್ದು. ಪಂಚಾಂಗದ ಈ ಖಚಿತತೆಯಲ್ಲಿ ಬೆಳೆದ ನಾವು, ಇಷ್ಟು ಯಂತ್ರಗಳಿರುವ ಕಾಲದಲ್ಲಿ ನೆಲದಡಿಯ ಬೆಂಕಿಗೂ ಒಂದು ಮುಹೂರ್ತ ಇರಲೇಬೇಕು ಎಂದುಕೊಳ್ಳುತ್ತೇವೆ. ನೆಲದಡಿ ಐದಾರು ಕಿಲೋಮೀಟರ್ ಆಳದಲ್ಲಿರುವುದು ಯಾರ ಕಣ್ಣಿಗೂ ಕಾಣುವುದಿಲ್ಲ, ಮತ್ತು ಅದರ ನಡೆ ಮಳೆಯ ನಡೆಗಿಂತಲೂ ಹಟಮಾರಿ.

ಮಳೆಯ ಮಾತು ಬಂದಿದ್ದರಿಂದ ಹೇಳುತ್ತೇನೆ. ನಮ್ಮ ಮನೆಯಲ್ಲಿ ತಂದೆಯವರು 1958ರಲ್ಲಿ ಆರಂಭಿಸಿದ ಮಳೆ ಲೆಕ್ಕದ ಪುಸ್ತಕವಿದೆ. ದಿನದಿನದ ಇಂಚು, ಸೆಂಟುಗಳನ್ನು ಅವರು ಬರೆದರು, ಈಗ ನಾನು ಬರೆಯುತ್ತೇನೆ. ಕಾಫಿ ಬೆಳೆಗಾರರ ಬಹುತೇಕ ಮನೆಗಳಲ್ಲಿ ಇಂಥದೊಂದು ಪುಸ್ತಕ ಇದ್ದೇ ಇರುತ್ತದೆ. ಅರವತ್ತಕ್ಕೂ ಹೆಚ್ಚು ವರ್ಷಗಳ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಅದರಲ್ಲಿ ದಾಖಲಾಗಿದೆ, ಆದರೂ ಬರುವ ವರ್ಷದ ಹೂಮಳೆ ಯಾವ ದಿನ ಎಂದು ಅದನ್ನು ನೋಡಿ ಹೇಳಬಲ್ಲ ಬೆಳೆಗಾರ ಇನ್ನೂ ಹುಟ್ಟಿಲ್ಲ. ಹೇಳುವಂತಿದ್ದರೆ ಸ್ಪ್ರಿಂಕ್ಲರಿನ ಡೀಸೆಲ್ ಖರ್ಚು ಉಳಿಯುತ್ತಿತ್ತು. ಯೆಲ್ಲೊಸ್ಟೋನಿನ ಲೆಕ್ಕದ ಪುಸ್ತಕದಲ್ಲಿರುವುದು ಮೂರೇ ಸಾಲು. ಸುಮಾರು 21 ಲಕ್ಷ ವರ್ಷಗಳ ಹಿಂದೆ ಒಂದು, 13 ಲಕ್ಷ ವರ್ಷಗಳ ಹಿಂದೆ ಒಂದು, 6.4 ಲಕ್ಷ ವರ್ಷಗಳ ಹಿಂದೆ ಇನ್ನೊಂದು. ಮೂರು ಸ್ಫೋಟಗಳ ನಡುವಿನ ಅಂತರ ಎರಡೇ: 8 ಲಕ್ಷ ಮತ್ತು 6.6 ಲಕ್ಷ ವರ್ಷ. ಇವೆರಡರ ಸರಾಸರಿ 7.3 ಲಕ್ಷ. ವರ್ಷವೊಂದಕ್ಕೆ 7.3 ಲಕ್ಷದಲ್ಲಿ ಒಂದು ಪಾಲು ಎಂದು ಎಲ್ಲೆಡೆ ಕಾಣುವ ಅಂಕಿ ಬಂದಿರುವುದು ಇಷ್ಟರಿಂದಲೇ.

"ಕಾಲ ಮೀರಿದೆ" ಎಂಬ ವಿಡಿಯೊದ ಮಾತು ಎಷ್ಟು ಪೊಳ್ಳು ಎಂಬುದನ್ನು ಇಲ್ಲಿ ನಿಂತು ನೋಡಬೇಕು. ಆ ಸರಾಸರಿಯನ್ನೇ ಕಟ್ಟಳೆ ಎಂದು ಹಿಡಿದರೂ ಇನ್ನೂ 90,000 ವರ್ಷ ಬಾಕಿ ಇದೆ. ಆದರೆ ಸರಾಸರಿ ಕಟ್ಟಳೆಯಲ್ಲ. ಜ್ವಾಲಾಮುಖಿ ಬಸ್ಸಿನಂತೆ ವೇಳಾಪಟ್ಟಿ ಇಟ್ಟುಕೊಂಡು ಬರುವುದಿಲ್ಲ, ಆದ್ದರಿಂದ ತಡವಾಗಿದೆ ಎಂಬ ಪದವೇ ಅಲ್ಲಿ ಅನ್ವಯಿಸುವುದಿಲ್ಲ. ಇನ್ನೂ ಸೂಕ್ಷ್ಮವಾಗಿ ನೋಡುವುದಾದರೆ, ಆ ಮೂರರಲ್ಲಿ ನಡುವಿನ ಸ್ಫೋಟ ಹೊರಹಾಕಿದ್ದು ಸುಮಾರು 280 ಘನ ಕಿಲೋಮೀಟರ್ ಮಾತ್ರ. ಸಾವಿರದ ಅಳತೆಗೋಲು ಹಿಡಿದರೆ ಅದು ಮಹಾಸ್ಫೋಟವೇ ಅಲ್ಲ. ಆಗ ಉಳಿಯುವುದು ಎರಡು ಘಟನೆ, ಒಂದೇ ಅಂತರ. ಒಂದೇ ಅಂಕಿಯಿಂದ ಸರಾಸರಿ ತೆಗೆದ ವಿದ್ಯಾರ್ಥಿಗೆ ನಾನು ಅಂಕ ಕೊಡುತ್ತಿರಲಿಲ್ಲ.

ಒಂದೊಂದು ತಾಣವನ್ನು ಬಿಟ್ಟು ಇಡೀ ಭೂಮಿಯ ಲೆಕ್ಕ ಹಾಕಿದರೂ ನೆಲೆ ಗಟ್ಟಿಯಿಲ್ಲ. ಇಂಥ ಮಹಾಸ್ಫೋಟ ಸರಾಸರಿ ಎಷ್ಟು ವರ್ಷಕ್ಕೊಮ್ಮೆ ಎಂಬ ಪ್ರಶ್ನೆಗೆ 2004ರ ಒಂದು ಅಂದಾಜು 45,000ದಿಂದ 7 ಲಕ್ಷ ವರ್ಷಗಳ ನಡುವೆ ಎಂದಿತು. 2018ರಲ್ಲಿ ಹಳೆಯ ಸ್ಫೋಟಗಳ ದಾಖಲೆಗಳನ್ನು ಬೇರೆ ಸಂಖ್ಯಾಶಾಸ್ತ್ರದ ವಿಧಾನದಿಂದ ನೋಡಿದವರು 5,200ರಿಂದ 48,000 ವರ್ಷಗಳ ನಡುವೆ, ಹೆಚ್ಚು ಸಂಭವನೀಯ ಅಂಕಿ 17,000 ಎಂದರು. ಈ ಹದಿನಾಲ್ಕು ವರ್ಷಗಳಲ್ಲಿ ಭೂಮಿ ಬದಲಾಗಲಿಲ್ಲ, ನಮ್ಮ ಲೆಕ್ಕ ಬದಲಾಯಿತು. ಕೊನೆಯ ಮಹಾಸ್ಫೋಟ ನ್ಯೂಜಿಲೆಂಡಿನ ಟೌಪೊದಲ್ಲಿ ಸುಮಾರು 25,500 ವರ್ಷಗಳ ಹಿಂದೆ ನಡೆಯಿತು. ಅಂದರೆ ಕಂಪನಮಾಪಕ ಇಟ್ಟುಕೊಂಡು, ಡೈರಿ ಬರೆಯುತ್ತಾ, ಒಂದು ಮಹಾಸ್ಫೋಟಕ್ಕೆ ಮುನ್ನ ನೆಲ ಹೇಗೆ ವರ್ತಿಸುತ್ತದೆ ಎಂದು ನೋಡಿದ ಮನುಷ್ಯ ಒಬ್ಬನೂ ಇಲ್ಲ. ಹೆರಿಗೆಯನ್ನೇ ನೋಡದ ವೈದ್ಯರನ್ನು ದಿನ ಕೇಳಿದಂತೆ ಇದು.

ನೆಲದಡಿ ಏನಿದೆ ಎಂಬುದರ ಬಗ್ಗೆಯೂ ತಪ್ಪು ಚಿತ್ರವಿದೆ. ವಿಡಿಯೊಗಳಲ್ಲಿ ಕೆಂಪಗೆ ಕುದಿಯುವ ಒಂದು ಕೆರೆಯನ್ನು ತೋರಿಸುತ್ತಾರೆ, ನಾವು ಪಾಠದ ಹಲಗೆಯ ಮೇಲೆ ಬರೆದದ್ದೂ ಅಂಥದ್ದನ್ನೇ. ನಿಜಕ್ಕೆ ಹತ್ತಿರವಾದದ್ದು ಅಡುಗೆಮನೆಯ ಕಪಾಟಿನಲ್ಲಿದೆ. ಕೊಡಗಿನ ಜೇನನ್ನು ಡಿಸೆಂಬರಿನ ಚಳಿಯಲ್ಲಿ ಹಾಗೆಯೇ ಬಿಟ್ಟರೆ ಸೀಸೆಯ ಬಹುಭಾಗ ಹರಳುಗಟ್ಟುತ್ತದೆ. ಹರಳುಗಳ ಸಂದಿಯಲ್ಲಿ ಒಂದಿಷ್ಟು ದ್ರವ ಉಳಿದಿರುತ್ತದೆ. ಸೀಸೆ ಬೋರಲು ಹಾಕಿದರೂ ಬೀಳುವುದಿಲ್ಲ. ಮಹಾಜ್ವಾಲಾಮುಖಿಗಳ ಕೆಳಗಿನ ಶಿಲಾರಸ (ಮ್ಯಾಗ್ಮಾ) ಹೆಚ್ಚಿನ ಕಾಲ ಇರುವುದು ಇದೇ ಸ್ಥಿತಿಯಲ್ಲಿ. 2022ರಲ್ಲಿ ಪ್ರಕಟವಾದ, ಭೂಕಂಪದ ಅಲೆಗಳನ್ನು ಆಧರಿಸಿದ ಅಧ್ಯಯನವೊಂದು ಯೆಲ್ಲೊಸ್ಟೋನಿನ ಮೇಲಿನ ಸಂಗ್ರಹದಲ್ಲಿ ಕರಗಿದ ಅಂಶ ಶೇಕಡಾ 16ರಿಂದ 20ರಷ್ಟು ಎಂದು ಅಂದಾಜಿಸಿತು. ಇದು ಹಿಂದೆ ಅಂದುಕೊಂಡದ್ದಕ್ಕಿಂತ ಹೆಚ್ಚು. ಆದರೆ ಇಡೀ ರಾಶಿ ಹರಿದು ಮೇಲೇರಬೇಕಾದರೆ ಸಾಮಾನ್ಯವಾಗಿ ಬೇಕೆಂದು ಭಾವಿಸಲಾದ 40-50ಕ್ಕೆ ಬಹಳ ಕೆಳಗೆ. ಸೀಸೆ ಬಿಸಿನೀರಿನಲ್ಲಿ ಇಟ್ಟಾಗ ಜೇನು ಕರಗುವಂತೆ, ಆಳದಿಂದ ಹೊಸ ಬಿಸಿ ಶಿಲಾರಸ ನುಗ್ಗಿ ಬಂದರೆ ಹರಳುಗಟ್ಟಿದ್ದು ಮತ್ತೆ ಸಡಿಲವಾಗುತ್ತದೆ. ಅದಕ್ಕೆ ಎಷ್ಟು ಕಾಲ ಬೇಕು? ಹಳೆಯ ಸ್ಫೋಟಗಳ ಬೂದಿಯಲ್ಲಿ ಸಿಕ್ಕ ಹರಳುಗಳ ಅಂಚುಗಳನ್ನು ಮರದ ಉಂಗುರದಂತೆ ಓದುವವರಿಗೆ ಒಂದೇ ಉತ್ತರ ಸಿಕ್ಕಿಲ್ಲ. ರಾಶಿ ಜಮೆಯಾಗಲು ಸಾವಿರಾರು ವರ್ಷ ಹಿಡಿದಿರಬಹುದು, ಕೊನೆಯ ಏರುವಿಕೆ ಕೆಲವು ದಶಕಗಳದ್ದಾಗಿರಬಹುದು. ಕ್ಯಾಲಿಫೋರ್ನಿಯದ ಲಾಂಗ್ ವ್ಯಾಲಿಯಲ್ಲಿ 7.6 ಲಕ್ಷ ವರ್ಷಗಳ ಹಿಂದೆ ನಡೆದ ಸ್ಫೋಟದ ಹರಳುಗಳನ್ನು ಓದಿದ ಕೆಲವರು ಕೊನೆಯ ಹಂತ ಒಂದು ವರ್ಷಕ್ಕಿಂತ ಕಡಿಮೆ ಎಂದಿದ್ದಾರೆ. ಮುನ್ನೆಚ್ಚರಿಕೆಯ ಅವಧಿ ಒಂದು ತಲೆಮಾರಿನದೋ, ಒಂದು ಮಳೆಗಾಲದ್ದೋ ಎಂಬುದೇ ಇತ್ಯರ್ಥವಾಗದಿರುವಾಗ ದಿನದ ಮಾತೆಲ್ಲಿ ಬಂತು?

ಹಾಗಾದರೆ ಯಂತ್ರಗಳು ಏನನ್ನೂ ಹೇಳುವುದಿಲ್ಲವೇ ಎಂದು ತಾವು ಕೇಳಬಹುದು. ಬಹಳಷ್ಟು ಹೇಳುತ್ತವೆ. ನೆಲ ಎಷ್ಟು ಮಿಲಿಮೀಟರ್ ಉಬ್ಬಿತು ಎಂಬುದನ್ನು ಜಿ.ಪಿ.ಎಸ್. ಮತ್ತು ಉಪಗ್ರಹಗಳು ಅಳೆಯುತ್ತವೆ, ಸಣ್ಣ ಸಣ್ಣ ಕಂಪನಗಳನ್ನೂ ಕಂಪನಮಾಪಕಗಳು ಎಣಿಸುತ್ತವೆ, ಹೊರಬರುವ ಅನಿಲದ ಪ್ರಮಾಣವನ್ನು ಲೆಕ್ಕ ಹಾಕುತ್ತಾರೆ. ತೊಡಕಿರುವುದು ಒಂದೇ ಲಕ್ಷಣಕ್ಕೆ ಹಲವು ಕಾರಣಗಳಿರುವುದರಲ್ಲಿ. ನೆಲ ಉಬ್ಬಿದ್ದು ಶಿಲಾರಸ ಮೇಲೇರಿದ್ದರಿಂದಲೋ, ಆಳದ ಬಿಸಿನೀರು ಮತ್ತು ಅನಿಲ ಒತ್ತಿದ್ದರಿಂದಲೋ ಎಂದು ಮೇಲಿನಿಂದ ನೋಡಿ ಬೇರ್ಪಡಿಸುವುದು ಕಷ್ಟ. ಜ್ವರ ಇದೆ ಎಂದು ಥರ್ಮಾಮೀಟರ್ ಹೇಳುತ್ತದೆ, ಯಾವ ಜ್ವರ ಎಂದು ಹೇಳುವುದಿಲ್ಲ. ಯೆಲ್ಲೊಸ್ಟೋನಿನಲ್ಲಿ ವರ್ಷಕ್ಕೆ ಸಾಮಾನ್ಯವಾಗಿ 1,500ರಿಂದ 2,500 ಕಂಪನಗಳು ದಾಖಲಾಗುತ್ತವೆ. 2004ರಿಂದ ಕೆಲವು ವರ್ಷ ಅಲ್ಲಿಯ ನೆಲ ವರ್ಷಕ್ಕೆ 7 ಸೆಂಟಿಮೀಟರಿನವರೆಗೆ ಏರಿತು, ಆಮೇಲೆ ನಿಂತಿತು, ಇಳಿಯಿತು. 1959ರಲ್ಲಿ ಅದರ ಪಕ್ಕದಲ್ಲೇ 7.3ರ ಭೂಕಂಪವಾಯಿತು, ಸ್ಫೋಟವಾಗಲಿಲ್ಲ. ಇವೆಲ್ಲ ಆ ಜಾಗದ ದಿನಚರಿ.

ಇಲ್ಲಿ ಮೂರು ಊರುಗಳ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಲು ಅನುಮತಿ ಬೇಡುತ್ತೇನೆ, ಏಕೆಂದರೆ ಆಡಳಿತದಲ್ಲಿರುವವರಿಗೆ ಹೆಚ್ಚು ಉಪಯೋಗವಾಗುವ ಭಾಗ ಇದೇ.

ಮೊದಲನೆಯದು ಮೇಲೆ ಹೇಳಿದ ಲಾಂಗ್ ವ್ಯಾಲಿಯ ಅಂಚಿನಲ್ಲಿರುವ ಮ್ಯಾಮತ್ ಲೇಕ್ಸ್. ಹಿಮದ ಆಟಕ್ಕೆ ಬರುವ ಪ್ರವಾಸಿಗರಿಂದಲೇ ಬದುಕುವ ಊರದು. 1980ರ ಮೇ ತಿಂಗಳಲ್ಲಿ ಅಲ್ಲಿ 6ರ ಆಸುಪಾಸಿನ ನಾಲ್ಕು ಭೂಕಂಪಗಳು ಒಂದರ ಹಿಂದೆ ಒಂದು ಬಂದವು, ಕ್ಯಾಲ್ಡೆರಾದ ನಡುಭಾಗ ಉಬ್ಬಿತು. 1982ರಲ್ಲಿ ಅಮೆರಿಕದ ಭೂಸರ್ವೇಕ್ಷಣಾ ಸಂಸ್ಥೆ ಅತಿ ಕೆಳಗಿನ ಹಂತದ ಒಂದು ಸೂಚನೆಯನ್ನು ಹೊರಡಿಸಲು ಸಿದ್ಧತೆ ಮಾಡಿಕೊಂಡಿತು. ಅದು ಸ್ಥಳೀಯ ಆಡಳಿತಕ್ಕೆ ತಲುಪುವ ಮೊದಲೇ ಸುದ್ದಿ ದೊಡ್ಡ ಪತ್ರಿಕೆಯೊಂದರಲ್ಲಿ ಬಂದುಬಿಟ್ಟಿತು. ಪ್ರವಾಸಿಗರು ಕಡಿಮೆಯಾದರು, ಮನೆ ಜಾಗದ ಬೆಲೆ ಬಿತ್ತು, ಸ್ಫೋಟ ಆಗಲಿಲ್ಲ. ಊರವರ ಸಿಟ್ಟೆಲ್ಲ ವಿಜ್ಞಾನಿಗಳ ಮೇಲೆ ತಿರುಗಿತು. 2018ರ ನಂತರ ಕೊಡಗಿಗೆ ಬರಬೇಡಿ ಎಂಬ ಮಾತು ಹರಡಿದಾಗ ಹೋಂಸ್ಟೇಗಳ ಖಾಲಿ ಕೋಣೆಗಳನ್ನು ನೋಡಿದವರಿಗೆ ಆ ಸಿಟ್ಟು ಪರಿಚಿತ. ಆ ಊರಿಗೆ ಇದ್ದದ್ದು ಒಂದೇ ಹೆದ್ದಾರಿ. ತಪ್ಪಿಸಿಕೊಂಡು ಹೋಗಲು ಇನ್ನೊಂದು ರಸ್ತೆ ಮಾಡಿದರು, ಆದರೆ ಅದಕ್ಕೆ ಇಟ್ಟ ಹೆಸರು ಮಾತ್ರ ರಮಣೀಯ ನೋಟದ ರಸ್ತೆ ಎಂಬ ಅರ್ಥದ್ದು. ಹೆಸರಿಗೆ ನಗು ಬರುತ್ತದೆ, ರಸ್ತೆ ಇಂದಿಗೂ ಇದೆ.

ಎರಡನೆಯದು ಇಟಲಿಯ ನೇಪಲ್ಸ್ ಪಕ್ಕದ ಪೊಟ್ಸುವೊಲಿ. ಅದು ಕ್ಯಾಂಪಿ ಫ್ಲೆಗ್ರೇ ಎಂಬ ಕ್ಯಾಲ್ಡೆರಾದ ಒಳಗೇ ಕುಳಿತಿರುವ ಊರು. ಅಲ್ಲಿಯ ರೋಮನ್ ಕಾಲದ ಸಂತೆಯ ಕಂಬಗಳಲ್ಲಿ ಸಮುದ್ರದ ಚಿಪ್ಪುಜೀವಿಗಳು ಕೊರೆದ ತೂತುಗಳಿವೆ. ಅಂದರೆ ನೆಲ ಸಮುದ್ರದೊಳಕ್ಕೆ ಇಳಿದು ಮತ್ತೆ ಎದ್ದಿದೆ, ಶತಮಾನಗಳಿಂದ ಹೀಗೆ ಉಸಿರಾಡುತ್ತಿದೆ. 1538ರಲ್ಲಿ ನೆಲ ಹೀಗೆಯೇ ಎದ್ದ ಮೇಲೆ ಸ್ಫೋಟವಾಗಿ ಒಂದು ವಾರದಲ್ಲಿ ಹೊಸ ಗುಡ್ಡವೇ ಹುಟ್ಟಿಕೊಂಡಿತು. 1982ರಿಂದ 84ರ ನಡುವೆ ನೆಲ 1.8 ಮೀಟರ್ ಎದ್ದಿತು, ಬಂದರಿನ ನೀರು ತಗ್ಗಿತು, ಸುಮಾರು 40,000 ಜನರನ್ನು ಸ್ಥಳಾಂತರಿಸಿದರು. ಏನೂ ಸಿಡಿಯಲಿಲ್ಲ. 2005ರಿಂದ ಮತ್ತೆ ನೆಲ ಏಳುತ್ತಿದೆ, ಒಂದು ಮೀಟರಿಗಿಂತ ಹೆಚ್ಚು ಎದ್ದಿದೆ. 2012ರಲ್ಲಿ ಅಲ್ಲಿಯ ಎಚ್ಚರಿಕೆಯ ಮಟ್ಟವನ್ನು ಹಸಿರಿನಿಂದ ಹಳದಿಗೆ ಏರಿಸಿದರು. ಕಾರಣ ಶಿಲಾರಸವೋ, ಬಿಸಿ ಅನಿಲವೋ ಎಂಬ ಚರ್ಚೆ ತಜ್ಞರ ನಡುವೆ ಇನ್ನೂ ನಡೆದಿದೆ. ಅದೇ ಲಕ್ಷಣ, ಅದೇ ಜಾಗ, ಒಮ್ಮೆ ಸ್ಫೋಟ, ಇನ್ನೊಮ್ಮೆ ಮೌನ.

ಮೂರನೆಯದು ಪಪುವಾ ನ್ಯೂಗಿನಿಯ ರಬಾಉಲ್. ಮಹಾಜ್ವಾಲಾಮುಖಿಗಳ ಸಾಲಿಗೆ ಸೇರಿದ್ದಲ್ಲವಾದರೂ ಇದೂ ಕ್ಯಾಲ್ಡೆರಾದೊಳಗಿನ ಊರೇ. 1983ರಿಂದ 85ರವರೆಗೆ ಅಲ್ಲಿ ತಿಂಗಳಿಗೆ ಸಾವಿರಾರು ಕಂಪನಗಳು, ಉಬ್ಬಿದ ನೆಲ, ಸಿದ್ಧತೆ, ತಾಲೀಮು, ಆತಂಕ ಎಲ್ಲವೂ ಆದವು. ನಂತರ ಎಲ್ಲ ತಣ್ಣಗಾಯಿತು. ಒಂಬತ್ತು ವರ್ಷ ಕಳೆದು 1994ರ ಸೆಪ್ಟೆಂಬರಿನಲ್ಲಿ ಜೋರಾದ ಕಂಪನ ಶುರುವಾಗಿ ಸುಮಾರು 27 ಗಂಟೆಗಳಲ್ಲಿ ಎರಡು ಕಡೆ ಜ್ವಾಲಾಮುಖಿ ಸಿಡಿಯಿತು. ಎರಡು ವರ್ಷಗಳ ಗದ್ದಲ ಸುಳ್ಳಾಯಿತು, ಒಂದು ಹಗಲು ರಾತ್ರಿಯ ಗದ್ದಲ ನಿಜವಾಯಿತು. ಊರಿನ ಬಹುಭಾಗ ಬೂದಿಯಲ್ಲಿ ಹೂತರೂ ಸತ್ತವರು ಬೆರಳೆಣಿಕೆಯಷ್ಟು. ಎಂಬತ್ತರ ದಶಕದ ಆ "ವ್ಯರ್ಥ" ತಾಲೀಮನ್ನು ನೆನಪಿಟ್ಟುಕೊಂಡಿದ್ದ ಜನ ರಾತ್ರಿಯೇ ಹೊರಟುಬಿಟ್ಟಿದ್ದರು.

ಮುನ್ಸೂಚನೆ ಫಲಿಸಿದ ಉದಾಹರಣೆಯನ್ನು ಮರೆಮಾಚುವುದು ನ್ಯಾಯವಲ್ಲ. ಫಿಲಿಪ್ಪೀನ್ಸಿನ ಪಿನಾಟುಬೊ ಸುಮಾರು ಐನೂರು ವರ್ಷಗಳ ನಿದ್ದೆಯಿಂದ 1991ರ ಏಪ್ರಿಲ್ ಆರಂಭದಲ್ಲಿ ಎಚ್ಚರಗೊಂಡು ಜೂನ್ 15ರಂದು ಸ್ಫೋಟಿಸಿತು. ಆ ಹತ್ತು ವಾರಗಳಲ್ಲಿ ಅಲ್ಲಿಯ ಮತ್ತು ಅಮೆರಿಕದ ವಿಜ್ಞಾನಿಗಳು ಹಂತಹಂತವಾಗಿ ಎಚ್ಚರಿಕೆ ಏರಿಸುತ್ತಾ ಹೋಗಿ ಸಾವಿರಾರು ಜೀವ ಉಳಿಸಿದರು. ಜ್ವಾಲಾಮುಖಿಯ ಬೂದಿ, ಬಿಸಿ ಅನಿಲ, ಕೆಸರಿನ ಪ್ರವಾಹ ಹೇಗಿರುತ್ತವೆಂದು ಅಧಿಕಾರಿಗಳಿಗೂ ಹಳ್ಳಿಯವರಿಗೂ ವಿಡಿಯೊ ತೋರಿಸಿದ್ದು ಬಹಳ ಕೆಲಸ ಮಾಡಿತು. ಆದರೆ ಅಲ್ಲಿಯೂ ವಿಜ್ಞಾನಿಗಳು ಏಪ್ರಿಲಿನಲ್ಲಿ ಕುಳಿತು ಜೂನ್ 15 ಎಂದು ಬರೆದಿರಲಿಲ್ಲ. ಲಕ್ಷಣಗಳು ದಟ್ಟವಾದಂತೆ ಅವಧಿಯನ್ನು ಕಿರಿದು ಮಾಡುತ್ತಾ ಬಂದರು. ಮತ್ತು ಪಿನಾಟುಬೊ ಹೊರಹಾಕಿದ್ದು ಸುಮಾರು 10 ಘನ ಕಿಲೋಮೀಟರ್, ಮಹಾಸ್ಫೋಟದ ಕನಿಷ್ಠ ಅಳತೆಯ ನೂರರಲ್ಲಿ ಒಂದು ಪಾಲು. ನೂರು ಪಟ್ಟು ದೊಡ್ಡದರ ಮುನ್ನಡೆ ಇದರಂತೆಯೇ ಇರುತ್ತದೆಯೇ ಎಂಬುದಕ್ಕೆ ಸಾಕ್ಷಿ ಹೇಳುವವರಿಲ್ಲ. ಇನ್ನೊಂದು ತೊಡಕೂ ಇದೆ: ಮಹಾಜ್ವಾಲಾಮುಖಿ ಎಂಬ ಹೆಸರು ಹೊತ್ತ ತಾಣದ ಮುಂದಿನ ಸ್ಫೋಟ ಮಹಾಸ್ಫೋಟವೇ ಆಗಬೇಕೆಂದಿಲ್ಲ. ಯೆಲ್ಲೊಸ್ಟೋನಿನಲ್ಲಿ ಕೊನೆಯ ದೊಡ್ಡದರ ನಂತರ ಹಲವಾರು ಬಾರಿ ಲಾವಾ ಸುಮ್ಮನೆ ಹರಿದು ನಿಂತಿದೆ, ಕೊನೆಯದು ಸುಮಾರು 70,000 ವರ್ಷಗಳ ಹಿಂದೆ. ಲಕ್ಷಣಗಳು ಕಂಡಾಗ ಯಾವಾಗ ಎಂಬುದರ ಜೊತೆಗೆ ಎಷ್ಟು ದೊಡ್ಡದು ಎಂಬುದೂ ತಿಳಿದಿರುವುದಿಲ್ಲ.

ಇದೆಲ್ಲ ದೂರದ ದೇಶಗಳ ಮಾತಾಯಿತು ಎಂದು ಯಾರಾದರೂ ಹೇಳುವ ಮೊದಲು, ನಮ್ಮ ಪಕ್ಕದ ಆಂಧ್ರದ ಕರ್ನೂಲು ಸೀಮೆಯ ಜ್ವಾಲಾಪುರಂ ಎಂಬ ಹಳ್ಳಿಯನ್ನು ನೆನಪಿಸುತ್ತೇನೆ. ಸುಮಾರು 74,000 ವರ್ಷಗಳ ಹಿಂದೆ ಸುಮಾತ್ರಾದ ಟೋಬಾ ಸ್ಫೋಟಿಸಿದಾಗ, 2,500 ಕಿ.ಮೀ.ಗೂ ಹೆಚ್ಚು ದೂರ ಹಾರಿ ಬಂದ ಬೂದಿ ಅಲ್ಲಿ ಇಂದಿಗೂ ಬಿಳಿ ಪದರವಾಗಿ ಉಳಿದಿದೆ. ತಗ್ಗಿಗೆ ಹರಿದು ಬಂದು ಸೇರಿದ್ದರಿಂದ ಕೆಲವೆಡೆ ಎರಡು ಮೀಟರಿಗೂ ದಪ್ಪ. ಆಗ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ರವಿ ಕೋರಿಶೆಟ್ಟರ್ ಅವರೂ ಸೇರಿದ ತಂಡ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ಬೂದಿಯ ಪದರದ ಕೆಳಗೂ ಮೇಲೂ ಒಂದೇ ಬಗೆಯ ಕಲ್ಲಿನ ಉಪಕರಣಗಳು ಸಿಕ್ಕಿವೆ. ಬೂದಿ ಬಿದ್ದ ಮೇಲೂ ಅಲ್ಲಿ ಜನ ಬದುಕಿದ್ದರೆಂದು ಆ ತಂಡ ವಾದಿಸಿತು. ಟೋಬಾದಿಂದ ಮನುಷ್ಯಕುಲವೇ ಅಳಿವಿನ ಅಂಚಿಗೆ ಹೋಗಿತ್ತೆಂಬ ಹಳೆಯ ಊಹೆಗೆ ಇದು ದೊಡ್ಡ ಪ್ರಶ್ನೆಯಾಯಿತು. ಈ ವಿಷಯದ ಬಗ್ಗೆ ಕನ್ನಡಿಗರೇ ಮಾಡಿದ ಕೆಲಸ ಇರುವಾಗ, ನಮ್ಮ ಮಕ್ಕಳಿಗೆ ವಾಟ್ಸಾಪಿನ ವಿಡಿಯೊ ಮಾತ್ರ ತಲುಪುತ್ತಿರುವುದು ನನಗೆ ಬೇಸರದ ಸಂಗತಿ.

ಇನ್ನು ತಮ್ಮಲ್ಲಿ ಕೇಳಿಕೊಳ್ಳಬೇಕಾದದ್ದು. ಮೊದಲಿಗೆ, ವಿಜ್ಞಾನಿಗಳು ದಿನ ಹೇಳುತ್ತಾರೆ ಎಂಬ ಸಾಲು ಜಿಲ್ಲೆಯ ಯಾವ ಕರಪತ್ರದಲ್ಲಿದ್ದರೂ ಅದನ್ನು ತೆಗೆಸಬೇಕು. ಅದನ್ನು ನಂಬಿದವರು, ನಾಳೆ ಎಲ್ಲೋ ಒಂದು ಕಡೆ ಸೂಚನೆಯಿಲ್ಲದೆ ಏನಾದರೂ ಆದಾಗ, ಭೂವಿಜ್ಞಾನದವರ ಮಾತನ್ನೇ ನಂಬುವುದನ್ನು ಬಿಡುತ್ತಾರೆ. ಆ ನಂಬಿಕೆ ನಮಗೆ ಬೇಕಿರುವುದು ಯೆಲ್ಲೊಸ್ಟೋನಿಗಾಗಿ ಅಲ್ಲ, ಮುಂದಿನ ಆಗಸ್ಟಿನಲ್ಲಿ ಬರೆಯ ಕೆಳಗಿನ ಮನೆಯನ್ನು ಬಿಟ್ಟು ಹೊರಡಿ ಎಂದು ಅದೇ ಜನರಿಗೆ ಹೇಳಬೇಕಾಗುವುದಕ್ಕಾಗಿ. ಕೊಲಂಬಿಯದಲ್ಲಿ 1985ರ ನವೆಂಬರಿನಲ್ಲಿ ನೆವಾಡೊ ಡೆಲ್ ರೂಯಿಸ್ ಸಿಡಿದಾಗ ಅಪಾಯದ ನಕ್ಷೆ ಒಂದು ತಿಂಗಳ ಮೊದಲೇ ಸಿದ್ಧವಿತ್ತು. ಆದರೂ ಸುಮಾರು 23,000 ಜನ ಸತ್ತರು. ಅಲ್ಲಿ ಕೈಕೊಟ್ಟದ್ದು ನಕ್ಷೆಗೂ ಊರಿಗೂ ನಡುವಿನ ಮಾತು.

ಎರಡನೆಯದಾಗಿ, ಬಣ್ಣಗಳ ಗೊಂದಲವನ್ನು ಬಿಡಿಸಿ ಹೇಳಬೇಕು. ಮಳೆಗಾಲದಲ್ಲಿ ನಮಗೆ ಹಳದಿ, ಕಿತ್ತಳೆ, ಕೆಂಪು ಅಲರ್ಟ್‌ಗಳು ಬಾಯಿಪಾಠವಾಗಿವೆ. ಹಳದಿ ಎಂದರೆ ನಾಳೆ ನಾಡಿದ್ದರ ಮಳೆ ಎಂದು ಅಂಗನವಾಡಿಯ ಮಗುವಿಗೂ ಗೊತ್ತು. ಜ್ವಾಲಾಮುಖಿಗಳ ಬಣ್ಣ ಬಹುತೇಕ ಹಾಗಲ್ಲ. ಅದು ನೆಲ ಈಗ ಯಾವ ಸ್ಥಿತಿಯಲ್ಲಿದೆ ಎಂದು ಹೇಳುತ್ತದೆ, ನಾಳೆ ಏನಾಗುತ್ತದೆ ಎಂದಲ್ಲ. ಕ್ಯಾಂಪಿ ಫ್ಲೆಗ್ರೇ ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಹಳದಿಯಲ್ಲಿದೆ. ಟೌಪೊದ ಎಚ್ಚರಿಕೆಯ ಮಟ್ಟವನ್ನು 2022ರ ಸೆಪ್ಟೆಂಬರಿನಲ್ಲಿ ಸೊನ್ನೆಯಿಂದ ಒಂದಕ್ಕೆ ಏರಿಸಿ, 2023ರ ಮೇ ತಿಂಗಳಲ್ಲಿ ಮತ್ತೆ ಸೊನ್ನೆಗೆ ಇಳಿಸಿದರು. ಏರಿಸಿದ ಸುದ್ದಿ ಇಲ್ಲಿಗೂ ಬಂದಿತ್ತು, ಇಳಿಸಿದ ಸುದ್ದಿಯನ್ನು ನಾನು ಕನ್ನಡದಲ್ಲಿ ಎಲ್ಲಿಯೂ ಓದಲಿಲ್ಲ.

ಮೂರನೆಯದಾಗಿ, ನಮ್ಮದೇ ನೆಲ ಕಂಪಿಸಿದಾಗ ಅಂದೇ, ಕನ್ನಡದಲ್ಲಿ, ತೀವ್ರತೆ, ಆಳ, ಕೇಂದ್ರಬಿಂದು ಇವುಗಳ ಜೊತೆಗೆ, ಈ ಮಾಹಿತಿಯಿಂದ ಏನು ಹೇಳಬಹುದು, ಏನು ಹೇಳಲಾಗದು ಎಂಬುದನ್ನೂ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಹಾಕಿಸಬೇಕು. ಏನೂ ಆಗದ ತಿಂಗಳಿನಲ್ಲಿ ಏನೂ ಆಗಿಲ್ಲ ಎಂದೇ ಬರೆಯಬೇಕು. ಮಳೆಯಿಲ್ಲದ ದಿನ ಸೊನ್ನೆ ಬರೆಯದವನ ಮಳೆ ಪುಸ್ತಕ ಯಾವ ಲೆಕ್ಕಕ್ಕೂ ಬರುವುದಿಲ್ಲ ಎಂದು ನನ್ನ ತಂದೆ ಹೇಳುತ್ತಿದ್ದರು.

ಕರಪತ್ರದ ಆ ಸಾಲಿನ ಜಾಗದಲ್ಲಿ ಹಾಕಬಹುದಾದ ಮಾತುಗಳನ್ನು ನಾನೇ ಬರೆದು ಕಳುಹಿಸುತ್ತಿದ್ದೇನೆ, ತಜ್ಞರಿಗೆ ತೋರಿಸಿ ತಿದ್ದಿಸಿಕೊಳ್ಳಬಹುದು: "ಕೊಡಗಿನಲ್ಲಿ ಜ್ವಾಲಾಮುಖಿ ಇಲ್ಲ. ಜಗತ್ತಿನ ಮಹಾಜ್ವಾಲಾಮುಖಿಗಳು ಯಾವಾಗ ಸ್ಫೋಟಿಸುತ್ತವೆ ಎಂದು ಯಾರಿಗೂ ತಿಳಿದಿಲ್ಲ. ದಿನಾಂಕ ಹೇಳುವ ಯಾವುದೇ ವಿಡಿಯೊ ಸುಳ್ಳು. ಕಾಲ ಮೀರಿದೆ ಎಂಬ ಮಾತಿಗೂ ಆಧಾರವಿಲ್ಲ. ನಮ್ಮ ಜೀವಿತಾವಧಿಯಲ್ಲಿ ಅಂಥ ಸ್ಫೋಟ ನಡೆಯುವ ಸಾಧ್ಯತೆ ಬಹಳ ಕಡಿಮೆ, ಆದರೆ ಸೊನ್ನೆ ಅಲ್ಲ. ಅವುಗಳ ನೆಲ, ಕಂಪನ, ಅನಿಲಗಳನ್ನು ವಿಜ್ಞಾನಿಗಳು ಹಗಲಿರುಳು ಗಮನಿಸುತ್ತಿದ್ದಾರೆ. ಬದಲಾವಣೆ ಕಂಡರೆ ಅವರು ತಿಳಿಸುತ್ತಾರೆ. ಆ ಬದಲಾವಣೆಯ ಅರ್ಥವೇನೆಂಬುದು ಅವರಿಗೂ ಕೂಡಲೇ ತಿಳಿಯದಿರಬಹುದು."

ಇಷ್ಟು ಮಾತು ಆ ಅಜ್ಜಿಗೆ ಅರ್ಥವಾಗುತ್ತದೆಯೇ ಎಂದು ಅನುಮಾನಿಸುವವರಿದ್ದಾರೆ. ಸಭೆಯ ಮರುವಾರ ಅವರ ಮನೆಗೆ ಹೋಗಿ, ಜೇನಿನ ಸೀಸೆಯನ್ನೂ ಮಳೆ ಪುಸ್ತಕವನ್ನೂ ಮುಂದಿಟ್ಟುಕೊಂಡು ಒಂದು ಗಂಟೆ ಮಾತಾಡಿದೆ. ಎಲ್ಲ ಕೇಳಿದ ಮೇಲೆ ಅವರು, "ಗೊತ್ತಿಲ್ಲ ಅಂತ ಆ ಸಾಹೇಬರೇ ಅಂದು ಹೇಳಿದ್ದರೆ ಆಗುತ್ತಿತ್ತಲ್ಲ ಮಾಷ್ಟ್ರೇ, ನಾನು ವಾರವಿಡೀ ಯಾವ ದಿನ ಅಂತ ಪೇಪರ್ ನೋಡುತ್ತಿದ್ದೆ" ಎಂದರು. ಮುಂದಿನ ಸಭೆಗೂ ಅವರು ಬರುತ್ತಾರೆ. ಅಷ್ಟರೊಳಗೆ ಹೊಸ ಕರಪತ್ರ ಅಚ್ಚಾಗುವುದಾದರೆ ಕರಡು ತಿದ್ದಲು ನಾನು ಸಿದ್ಧನಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ವಿಜ್ಞಾನ ಶಿಕ್ಷಕ,
ಮಡಿಕೇರಿ ತಾಲ್ಲೂಕು